ಸೋಮವಾರದ ಮಾತ್ರೆ

ಹೆಮ್ಮಿಗೆ
೬ ಮಾರ್ಚ್ ೨೦೦೬

ಪ್ರೀತಿಯ ರುದ್ರಾಣಿ ಅತ್ತೆಗೆ,

ನಮಸ್ಕಾರ ಆಮೇಲೆ, ಮೊದಲು ಜಗಳ. ಅಪ್ಪನ ಟಿ.ಬಿ. ಮಾತ್ರೆ ಮುಗಿದು ಮೂರು ವಾರ ಆಯಿತಂತೆ. ನುಂಗಿದ ದಿನಕ್ಕೆ ಟಿಕ್ ಹಾಕುವ ಮಾತ್ರೆ ಕಾರ್ಡಿನ ಮನೆಗಳೆಲ್ಲ ಭರ್ತಿಯಂತೆ. ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮಿಂದು ಮುಡಿ ಕೊಟ್ಟು ಬಂದದ್ದೂ ಆಯಿತಂತೆ. ಇದನ್ನೆಲ್ಲ ನನಗೆ ಹೇಳಿದ್ದು ಯಾರು? ನರಸೀಪುರದ ಸಂತೆಗೆ ಬಂದಿದ್ದ ನಮ್ಮೂರಿನ ಬಳೆಗಾರ! ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ ಸೋದರತ್ತೆಗೆ ಒಂದು ಅಂಚೆ ಕಾರ್ಡು ಗೀಚುವಷ್ಟೂ ಪುರುಸೊತ್ತಿಲ್ಲ. ಅಂಗನವಾಡಿ ಮಕ್ಕಳಿಗೆ ಮಾತ್ರ ದಿನಾ ಕಥೆ ಹೇಳುತ್ತೀರಿ.

ಆಗಸ್ಟಿನಲ್ಲಿ ಅಪ್ಪನ ಕಫದಲ್ಲಿ ರೋಗ ಕಂಡ ದಿನವೇ ನನ್ನ ಬಟ್ಟೆ ಗಂಟು ಕಟ್ಟಿ ನಮ್ಮ ಹದಿನಾರು ಊರಿನಿಂದ ಇಲ್ಲಿಗೆ, ಅಜ್ಜಿಯ ಮನೆಗೆ ಅಟ್ಟಿದಿರಿ. "ಆರು ತಿಂಗ್ಳು ಕಣವ್ವ, ಮಾತ್ರೆ ಮುಗೀಲಿ, ನಾನೇ ಬಂದು ಕರ್ಕೊಂಡೋಯ್ತೀನಿ" ಅಂದಿರಿ. ದೀಪಾವಳಿಗೆ ಎಂಟು ದಿನ, ಸಂಕ್ರಾಂತಿಗೆ ಹತ್ತು ದಿನ ಕರೆಸಿಕೊಂಡದ್ದು ಬಿಟ್ಟರೆ ನಾನು ಇಲ್ಲೇ ಇದ್ದೇನೆ. ಆರು ತಿಂಗಳು ಆಯಿತು. ಎಲ್ಲಿದ್ದೀರಿ?

ಮೇ ತಿಂಗಳಲ್ಲಿ ಬಿ.ಎ. ಕೊನೆಯ ಪರೀಕ್ಷೆ. ಓದಲು ಕೂತರೆ ಕೆಮ್ಮು ಬಿಡುವುದಿಲ್ಲ. ಒಂದು ತಿಂಗಳಿಂದ ಹೀಗೆ. ಭತ್ತದ ಧೂಳು ಅಂತ ರಾಚಮ್ಮಜ್ಜಿಯ ತೀರ್ಮಾನ. ಮೆಣಸು, ಬೆಲ್ಲ ಕುದಿಸಿ ಕುಡಿಸಿ ನನ್ನ ನಾಲಿಗೆಯನ್ನು ಸುಟ್ಟೇ ಬಿಟ್ಟಿದ್ದಾರೆ. ಬೇಗ ಬನ್ನಿ.

ಜಗಳ ಬಾಕಿ ಇಟ್ಟುಕೊಂಡಿರುವ
ನಯನ


ಹದಿನಾರು
೧೧ ಮಾರ್ಚ್ ೨೦೦೬

ನಯನಾ ಮಗಳೇ,

ನಿನ್ನ ಕಾಗದ ಕೈಸೇರಿದ ಗಳಿಗೆಯೇ ಬರೆಯುತ್ತಿದ್ದೇನೆ. ಮಕ್ಕಳಿಗೆ ಉಪ್ಪಿಟ್ಟು ಬಡಿಸುವುದನ್ನು ಆಯಾಳಿಗೆ ಬಿಟ್ಟು ಕೂತಿದ್ದೇನೆ.

ಒಂದು ತಿಂಗಳಿಂದ ಕೆಮ್ಮು ಅಂತ ಕೊನೆಯಲ್ಲಿ ಬರೆಯುತ್ತೀಯಲ್ಲ, ಬುದ್ಧಿ ಇದೆಯಾ ನಿನಗೆ? ಧೂಳೂ ಇಲ್ಲ, ಮಣ್ಣೂ ಇಲ್ಲ. ನಾಳೆಯೇ ನರಸೀಪುರದ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸು. ನಾಳೆ ಅಂದರೆ ನಾಳೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫವನ್ನೇ ಡಬ್ಬಿಗೆ ಹಾಕಿ ಕೊಡು, ಎಂಜಲು ಉಗುಳಿ ಬರಬೇಡ. ಅಜ್ಜಿ ಏನಾದರೂ ಅಡ್ಡ ಮಾತಾಡಿದರೆ, ರುದ್ರಾಣಿ ಹೇಳಿದ್ದಾಳೆ ಅನ್ನು.

ಊರಿಗೆ ಈಗ ಬರಬೇಡ. ಪರೀಕ್ಷೆ ಮುಗಿಯಲಿ. ನಿಮ್ಮಪ್ಪ ಚೆನ್ನಾಗಿದ್ದಾನೆ. ಸ್ವಲ್ಪ ಕೆಮ್ಮುತ್ತಾನೆ, ಬಿಸಿಲಿಗೆ ಇರಬೇಕು. ಕಾಗದ ಬರೆಯಲಿಲ್ಲ ಅಂತ ಬೈದೆ, ಬೈಸಿಕೊಂಡೆ. ಕಫದ ವಿಷಯ ಗೊತ್ತಾದ ದಿನವೇ ಬರಿ. ಅಂಗಡಿ ಫೋನಿಗೆ ಮಾಡಬೇಡ, ಅರ್ಧ ಊರು ಅಲ್ಲೇ ಕಿವಿ ಇಟ್ಟುಕೊಂಡು ಕೂತಿರುತ್ತದೆ.

ನಿನ್ನ ಅತ್ತೆ
ರುದ್ರಾಣಿ


ಹೆಮ್ಮಿಗೆ
೨೪ ಏಪ್ರಿಲ್ ೨೦೦೬

ಪ್ರೀತಿಯ ಅತ್ತೆಗೆ,

ನಾಳೆ ಅಂದರೆ ನಾಳೆ ಅಂದಿರಿ, ನಾನು ಒಂದು ತಿಂಗಳು ತಡ ಮಾಡಿದೆ. ಬೈಯಬೇಡಿ, ಈಗ ಬೈಸಿಕೊಳ್ಳುವ ಶಕ್ತಿ ಇಲ್ಲ. ನನಗೂ ಇದೆ ಅತ್ತೆ. ಮೂರು ಡಬ್ಬಿಯಲ್ಲೂ ಕಂಡಿತಂತೆ.

ಡಾಕ್ಟರ್ ನಂದಿತಾ ಅಂತ ಇದ್ದಾರೆ, ಒಳ್ಳೆಯವರು. "ಮನೇಲಿ ಯಾರಿಗಿತ್ತು?" ಅಂದರು. ಅಪ್ಪನಿಗೆ ಅಂದೆ. "ಮಾತ್ರೆ ಪೂರ್ತಿ ತಗೊಂಡ್ರಾ? ನಡುನಡುವೆ ಬಿಟ್ಟಿದ್ರೆ ಆ ಕ್ರಿಮಿ ಮಾತ್ರೆಗೆ ಹೆದರೋದನ್ನ ಮರೆತುಬಿಡುತ್ತೆ. ಅವರ ಮೈಯಿಂದ ನಿನ್ನ ಮೈಗೆ ಅಂಥದ್ದೇ ಬಂದಿದ್ರೆ ನಾನು ಕೊಡೋ ಈ ಮಾತ್ರೆ ನಿನಗೂ ಕೆಲಸ ಮಾಡಲ್ಲ. ಅದಕ್ಕೇ ಕೇಳ್ತಿರೋದು, ನಿಜ ಹೇಳು" ಅಂದರು. ನಾನು ತಲೆ ಎತ್ತಿ ಹೇಳಿದೆ: "ಮೇಡಂ, ನಮ್ಮತ್ತೆಯೇ ಕೈಯಾರೆ ಕೊಟ್ಟಿದ್ದಾರೆ. ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ. ಕಾರ್ಡಿನಲ್ಲಿ ಒಂದು ಟಿಕ್ಕೂ ತಪ್ಪಿಲ್ಲ, ಬೇಕಾದರೆ ತರಿಸಿ ನೋಡಿ." ಅವರು ನಕ್ಕು, "ಹಾಗಾದ್ರೆ ಹೆದರಬೇಡ, ಆರು ತಿಂಗಳಲ್ಲಿ ವಾಸಿ" ಅಂತ ಮಾಮೂಲಿ ಮಾತ್ರೆಯನ್ನೇ ಬರೆದರು.

ನನಗೆ ಮಾತ್ರೆ ನುಂಗಿಸುವುದು ಚಾಮಯ್ಯ ಅಂತ ಆರೋಗ್ಯ ಕೇಂದ್ರದವರು. ಜಗಲಿಯ ಮೇಲೆ ಕೂತು, ನುಂಗಿದ ಮೇಲೆ "ಬಾಯ್ ಬುಡವ್ವ, ನಾಲ್ಗೆ ಎತ್ತು" ಅಂತ ಹಸುವಿನ ಹಲ್ಲು ನೋಡುವ ಹಾಗೆ ನೋಡುತ್ತಾರೆ. ಅಜ್ಜಿಗೆ ಉರಿಯುತ್ತದೆ. ನನಗೆ ನಿಮ್ಮ ನೆನಪಾಗುತ್ತದೆ, ಅಪ್ಪನಿಗೂ ನೀವು ಹೀಗೇ ಮಾಡಿರುತ್ತೀರಿ ಅಂತ.

ಯಾರಿಗೂ ಹೇಳಬೇಡಿ. ಕಳಲೆಯ ಕಡೆಯಿಂದ ಗಂಡಿನವರು ಬಂದು ನೋಡುವ ಮಾತಿತ್ತಲ್ಲ, ಪರೀಕ್ಷೆಯ ನೆಪ ಹೇಳಿ ಮುಂದಕ್ಕೆ ಹಾಕಿಬಿಡಿ.

ನಿಮ್ಮನ್ನೇ ನಂಬಿಕೊಂಡಿರುವ
ನಯನ


ಹದಿನಾರು
೮ ಮೇ ೨೦೦೬

ನಯನಾ,

ಗಂಡಿನವರಿಗೆ ಹೇಳಿಯಾಯಿತು, ಅದರ ಯೋಚನೆ ಬಿಡು.

ತೂಕ ಎಷ್ಟಿದೆ? ಸಂಜೆ ಜ್ವರ ಬರುತ್ತದಾ? ಕಫದಲ್ಲಿ ರಕ್ತ ಕಂಡಿತಾ? ಡಾಕ್ಟರಮ್ಮ ನಿಮ್ಮಪ್ಪನ ಕಾರ್ಡಿನ ಮಾತು ಮತ್ತೆ ಎತ್ತಿದರಾ? ಎತ್ತಿದರೆ ಏನು ಕೇಳಿದರು, ನೀನೇನು ಹೇಳಿದೆ, ಒಂದಕ್ಷರ ಬಿಡದೆ ಬರಿ.

ಯಾವ ದಿನದ ಮಾತ್ರೆಯನ್ನೂ ತಪ್ಪಿಸಬೇಡ. ಸೋಮವಾರದ್ದನ್ನಂತೂ ತಪ್ಪಿಸಲೇಬೇಡ. ಅಜ್ಜಿ ಉಪವಾಸ ಗಿಪವಾಸ ಅಂದರೆ ನನಗೆ ಬರಿ, ಬಂದು ಮುಖಕ್ಕೆ ಹೇಳಿ ಹೋಗುತ್ತೇನೆ. ನೀನು ಮಾತ್ರೆ ನುಂಗು, ದೇವರನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮಪ್ಪನಿಗೆ ಕಫ ಮತ್ತೆ ಪರೀಕ್ಷೆ ಮಾಡಿಸಿದೆವು. ಮತ್ತೆ ಇದೆ. ಹಳೇ ಮಾತ್ರೆಗಳ ಜೊತೆ ಸೂಜಿ ಮದ್ದು ಶುರು ಮಾಡಿದ್ದಾರೆ. ಇದನ್ನು ನಿನಗೆ ಹೇಳಬಾರದು ಅಂತಿದ್ದೆ. ಕೈ ಬರೆದುಬಿಟ್ಟಿತು.

ರುದ್ರಾಣಿ


ಹೆಮ್ಮಿಗೆ
೨೮ ಜೂನ್ ೨೦೦೬

ಅತ್ತೆಗೆ,

ನಾನು ಕಳ್ಳಿ ಅಂತೆ.

ಎರಡು ತಿಂಗಳ ಮಾತ್ರೆ ಮುಗಿಯಿತು. ಕಫದಲ್ಲಿ ಇನ್ನೂ ಇದೆ. ತೂಕ ನಲವತ್ತೊಂದು ಇದ್ದದ್ದು ಮೂವತ್ತೆಂಟಕ್ಕೆ ಇಳಿದಿದೆ. ಮಾತ್ರೆ ಸರಿಯಾಗಿ ನುಂಗಿದವರಿಗೆ ಹೀಗಾಗುವುದಿಲ್ಲವಂತೆ. ಚಾಮಯ್ಯ ನನ್ನನ್ನೇ ಗುಮಾನಿಯಿಂದ ನೋಡುತ್ತಾರೆ. "ನಾ ಎದ್ದೋದ್ಮೇಲೆ ಇತ್ಲಿಗೆ ಓಗಿ ಕಕ್ಬುಡ್ತೀಯಾ ಎಂಗೆ?" ಅಂದರು ನಿನ್ನೆ. ಅಜ್ಜಿ ಅವರ ಪರ! ನಾನು ಅತ್ತುಬಿಟ್ಟೆ. ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಮಾತ್ರೆ ಒಳಗೆ ಹೋಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ, ಬೇಕಾದರೆ ಶೀಸೆಯಲ್ಲಿ ಹಿಡಿದು ತೋರಿಸಲಾ ಅಂತ ಕೂಗಾಡಿದೆ. ಹೆಣ್ಣು ಹುಡುಗಿಯ ಬಾಯಲ್ಲಿ ಬರುವ ಮಾತಾ ಅದು? ಬಂತು.

ಡಾಕ್ಟರ್ ನಂದಿತಾ ನನ್ನನ್ನು ನಂಬಿದ್ದಾರೆ, ಅದೇ ತೊಂದರೆಯಾಗಿದೆ. "ನೀನು ನುಂಗಿದ್ದೀಯ, ಸರಿ. ಹಾಗಾದ್ರೆ ನಿಮ್ಮಪ್ಪ ನುಂಗಿದ್ದು ನಿಜವಾ?" ಅಂದರು. ನಾನು ಮೇಜಿನ ಮೇಲೆ ಕೈ ಬಡಿದು ಹೇಳಿದೆ, "ನಮ್ಮತ್ತೆ ಅಂಥವರಲ್ಲ ಮೇಡಂ." ಕ್ರಿಮಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ಬೆಂಗಳೂರಿನಲ್ಲಿ ನೋಡುತ್ತಾರಂತೆ. ಅಲ್ಲಿಗೆ ಎಲ್ಲರ ಕಫವನ್ನೂ ಕಳಿಸುವ ಹಾಗಿಲ್ಲವಂತೆ, ಬಲವಾದ ಕಾರಣ ಬೇಕಂತೆ. ಅಪ್ಪನ ಕಾರ್ಡು ಸರಿ ಇದ್ದರೆ ಕಾರಣ ಇಲ್ಲ. ಅದಕ್ಕೆ ಇನ್ನೊಂದು ತಿಂಗಳು ಇದೇ ಮಾತ್ರೆ ಅಂತ ಬರೆದಿದ್ದಾರೆ.

ಪರೀಕ್ಷೆ ಬರೆದೆ. ಹೇಗೆ ಬರೆದೆನೋ ಕೇಳಬೇಡಿ.

ಅತ್ತೆ, ಒಂದು ಉಪಕಾರ ಮಾಡಿ. "ನಮ್ಮಣ್ಣ ಶಿವಮಲ್ಲಪ್ಪ ಪ್ರತಿಯೊಂದು ಮಾತ್ರೆಯನ್ನೂ ನನ್ನ ಕಣ್ಣೆದುರಿಗೇ ನುಂಗಿದ್ದಾನೆ" ಅಂತ ನಿಮ್ಮ ಕೈಬರಹದಲ್ಲಿ ಬರೆದು ಸಹಿ ಮಾಡಿ ಕಳಿಸಿ. ಡಾಕ್ಟರಿಗೆ ತೋರಿಸುತ್ತೇನೆ. ಅವರು ನಿಮ್ಮನ್ನು ಅನುಮಾನಿಸುವುದು ನನಗೆ ಸಹಿಸಲು ಆಗುವುದಿಲ್ಲ.

ನಯನ


ಹದಿನಾರು
೫ ಜುಲೈ ೨೦೦೬

ನಯನಾ,

ನೀನು ಕೇಳಿದ ಕಾಗದ ಬರೆಯಲು ಮೂರು ಸಲ ಕೂತೆ. ಇದರ ಜೊತೆ ಅದಿಲ್ಲ. ಒಂದು ವಾರ ಕೊಡು. ಅಲ್ಲಿಯವರೆಗೆ ಡಾಕ್ಟರಮ್ಮನ ಜೊತೆ ನನ್ನ ಪರ ವಾದ ಮಾಡಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ರುದ್ರಾಣಿ


ಹದಿನಾರು
೧೨ ಜುಲೈ ೨೦೦೬

ನಯನಾ,

ಕೂತು ಓದು. ಅಜ್ಜಿ ಹತ್ತಿರದಲ್ಲಿದ್ದರೆ ಆಚೆ ಹೋಗಿ ಓದು.

ಸೋಮವಾರದ ಮಾತ್ರೆ ನಿಮ್ಮಪ್ಪನ ಹೊಟ್ಟೆಗೆ ಹೋಗಲಿಲ್ಲ. ಇಪ್ಪತ್ತೊಂದು ಸೋಮವಾರ. ಆ ಇಪ್ಪತ್ತೊಂದಕ್ಕೂ ಕಾರ್ಡಿನಲ್ಲಿ ಟಿಕ್ ಹಾಕಿದವಳು ನಾನು.

ಹರಕೆ ಹೊತ್ತವಳೂ ನಾನೇ. ರೋಗ ಅಂತ ಗೊತ್ತಾದ ವಾರ ನಂಜನಗೂಡಿಗೆ ಓಡಿದೆ. ವಿಷವನ್ನೇ ಕುಡಿದು ಅರಗಿಸಿಕೊಂಡವನು, ರೋಗ ಕಳೆಯುವವನು ಅಂತ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳಲ್ಲವಾ. ನಮ್ಮಣ್ಣನನ್ನು ಉಳಿಸಿಕೊಡು ತಂದೆ, ಇಪ್ಪತ್ತೊಂದು ಸೋಮವಾರ ಸಂಜೆ ದೀಪ ಹಚ್ಚುವವರೆಗೆ ಹನಿ ನೀರೂ ಮುಟ್ಟದ ಹಾಗೆ ಉಪವಾಸ ಇರಿಸುತ್ತೇನೆ ಅಂದೆ. ಆ ಗಳಿಗೆಯಲ್ಲಿ ಮಾತ್ರೆಯ ವಾರ ನೆನಪಿಗೇ ಬರಲಿಲ್ಲ. ಎರಡನ್ನೂ ಅವನ ಒಳ್ಳೆಯದಕ್ಕೇ ಹಿಡಿದಿದ್ದೆ, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ ಅಂತ ಹೊಳೆಯಲಿಲ್ಲ.

ಮೊದಲ ಸೋಮವಾರ ಅಂಗನವಾಡಿ ಬಾಗಿಲಿಗೆ ಬಂದು ನಿಂತ. ನೀರು ಕೊಟ್ಟೆ. "ಇವತ್ತು ನೀರೂ ಮುಟ್ಟಂಗಿಲ್ಲ ಕಣವ್ವ, ಅರಕೆ ನಿಂದೇ ಅಲ್ವಾ. ಸಂಜೆ ಪೂಜೆ ಆದ್ಮೇಲೆ ನುಂಗ್ತೀನಿ, ಕೊಡು ಇತ್ಲಾಗೆ" ಅಂದ. ಕೊಟ್ಟೆ. ಟಿಕ್ ಹಾಕಿದೆ. ಮಂಗಳವಾರಕ್ಕೆ ಬದಲಾಯಿಸಬಹುದಿತ್ತು. ಆದರೆ ಅದಕ್ಕೆ ಟಿ.ಬಿ. ಮಾತ್ರೆಯ ಸೂಪರ್‌ವೈಸರ್ ಮಹದೇವಯ್ಯನವರಿಗೆ ಹೇಳಬೇಕು. ಮನೆಯವರು ಮನೆಯವರಿಗೆ ಮಾತ್ರೆ ಕೊಡುವ ಹಾಗಿಲ್ಲ, ಕಣ್ಣು ಮುಚ್ಚಿಕೊಂಡುಬಿಡುತ್ತಾರೆ ಅಂತಲೇ ಆ ನಿಯಮ. "ಸಾರ್, ನನ್ನಂಥ ಗಟ್ಟಿಗಿತ್ತಿ ಈ ಊರಲ್ಲಿ ಸಿಗಲ್ಲ, ನಾನೇ ಕೊಡ್ತೀನಿ" ಅಂತ ಹಟ ಹಿಡಿದು ಒಪ್ಪಿಸಿದ್ದೆ. ಎರಡೇ ವಾರಕ್ಕೆ ಹೋಗಿ ಉಪವಾಸದ ಕಥೆ ಹೇಳಲು ನಾಚಿಕೆಯಾಯಿತು. ನನ್ನ ನಾಚಿಕೆ ಕಣೇ, ಅಷ್ಟೇ.

ಆ ಸಂಜೆ ಖಾಲಿ ಹೊಟ್ಟೆಗೆ ನುಂಗಿ ವಾಂತಿ ಮಾಡಿಕೊಂಡನಂತೆ. ವ್ರತದ ದಿನ ಪ್ರಸಾದ ಕಕ್ಕಿದರೆ ವ್ರತವೇ ಕೆಟ್ಟಿತು. ಮುಂದಿನ ಸೋಮವಾರದಿಂದ ಮಾತ್ರೆಯನ್ನು ವಿಭೂತಿಯ ಜೊತೆ ದೇವರ ಮುಂದಿಟ್ಟು ಮಂಗಳಾರತಿ ಮಾಡಿ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದ. ದೇವರಿಗೆ ಒಪ್ಪಿಸಿದ್ದನ್ನು ತಿಪ್ಪೆಗೆ ಎಸೆಯುವಂತಿಲ್ಲವಲ್ಲ. ಫೆಬ್ರವರಿಯಲ್ಲಿ ಕಾರ್ಡು ಮುಗಿದ ದಿನ ಅವನ ಮನೆಯ ದೇವರ ಜಗಲಿ ಸಾರಿಸಲು ಹೋದಾಗ ಆ ಡಬ್ಬಿ ಸಿಕ್ಕಿತು. ಮೊದಲ ಸೋಮವಾರದ್ದು ಬಿಟ್ಟು ಮಾತ್ರೆಯ ಇಪ್ಪತ್ತು ಪಟ್ಟಿ, ಒಂದೂ ಒಡೆದಿಲ್ಲ.

"ಯಾಕಣ್ಣ ಹಿಂಗೆ ಮಾಡಿದೆ?" ಅಂತ ಅವನ ಮುಂದೆ ಕೂತುಬಿಟ್ಟೆ. ಅವನು ನಗುತ್ತಾನೆ! "ಇಸವನ್ನೇ ಅರಗಿಸ್ಕೊಂಡ ಸ್ವಾಮಿ ಕಣವ್ವ ಅವ್ನು. ವಾರದಲ್ಲಿ ಎಲ್ಡು ದಿನ ನಾ ನುಂಗ್ದೆ, ಒಂದಿನ ನನ್ ಪರ್ವಾಗಿ ಅವ್ನು ನುಂಗ್ದ. ನೋಡು, ಕೆಮ್ಮು ನಿಂತೋಯ್ತು" ಅಂದ. ಆಗ ಕೆಮ್ಮು ನಿಂತಿತ್ತು. ನಾನೂ ನಂಬಿದೆ. ನಂಬಿದರೆ ನನಗೇ ಅನುಕೂಲವಿತ್ತು.

ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ ಅಂದರೆ ಅದೂ ಸುಳ್ಳು. ಬುಧವಾರ, ಶುಕ್ರವಾರದ ಖಾಲಿ ಪಟ್ಟಿಗಳು ನನ್ನ ಪೆಟ್ಟಿಗೆಯಲ್ಲಿ ಬೀಳುತ್ತಿದ್ದವು. ಸೋಮವಾರದ್ದು ಒಂದೂ ವಾಪಸ್ ಬರಲಿಲ್ಲ. ಎಲ್ಲಿ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಹಾಗಿದ್ದೂ, "ಐದು ತಿಂಗಳು ಮಾತ್ರೆ ಆಗಿದೆ, ಇನ್ನು ಹರಡಲ್ಲ, ಹಬ್ಬಕ್ಕೆ ಬಾ" ಅಂತ ಸಂಕ್ರಾಂತಿಗೆ ನಿನ್ನನ್ನು ಕರೆಸಿದೆ. ಹತ್ತು ದಿನ ಅದೇ ನಡುಮನೆಯಲ್ಲಿ ಅಪ್ಪನ ಪಕ್ಕ ಮಲಗಿದೆ ನೀನು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಏಪ್ರಿಲ್ ಕಾಗದ ಬಂದಾಗಿನಿಂದ ನಾನು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ನಿನ್ನನ್ನು ಕಳ್ಳಿ ಅಂದರು ಅಂತ ಓದಿದ ಮೇಲೂ ಹತ್ತು ದಿನ ತೆಗೆದುಕೊಂಡೆ ನೋಡು, ಎಂಥ ಹೆಂಗಸು ನಾನು.

ಇವತ್ತು ನರಸೀಪುರಕ್ಕೆ ಹೋಗಿ ಡಾಕ್ಟರ್ ನಂದಿತಾ ಮುಂದೆ ಡಬ್ಬಿ ಇಟ್ಟೆ, ಎಲ್ಲ ಬರೆದು ಸಹಿ ಹಾಕಿ ಕೊಟ್ಟೆ. ಬೈಯಲಿಲ್ಲ. "ಎರಡೂವರೆ ತಿಂಗಳು ಯಾಕೆ ಕಾದ್ರಿ?" ಅಂತ ಒಂದೇ ಮಾತು ಕೇಳಿದರು. ನಿನ್ನ ಕಫ ಬೆಂಗಳೂರಿಗೆ ಹೋಗುತ್ತದೆ, ಯಾವ ಮದ್ದಿಗೆ ಬಗ್ಗುತ್ತದೆ ಅಂತ ತಿಳಿಯಲು ಎರಡು ತಿಂಗಳಾದರೂ ಬೇಕು. ಮಹದೇವಯ್ಯನವರಿಗೂ ಹೇಳಿದ್ದೇನೆ. "ಏನ್ರಮ್ಮಾ, ನನ್ ತಲೆಗೂ ತಂದ್ರಲ್ಲ" ಅಂದವರು ಮಾತ್ರೆ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋದರು. ಅಂಗನವಾಡಿ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನರಸೀಪುರದವರೆಗೆ ಬಂದವಳು ಹೆಮ್ಮಿಗೆಗೆ ಬರಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ರುದ್ರಾಣಿ


ಹದಿನಾರು
೩ ಸೆಪ್ಟೆಂಬರ್ ೨೦೦೬

ನಯನಾ,

ಡಬ್ಬಿಯ ವಿಷಯ ಬರೆದದ್ದೂ ಸೇರಿ ಇದು ನಾಲ್ಕನೇ ಕಾಗದ. ಮೂರಕ್ಕೂ ನೀನು ಉತ್ತರ ಬರೆಯಲಿಲ್ಲ, ಬರೆಯಬೇಕು ಅಂತ ನಾನೂ ಕೇಳುವುದಿಲ್ಲ. ಆದರೆ ಇದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು.

ಮೊನ್ನೆ ಶುಕ್ರವಾರ ನಿಮ್ಮಪ್ಪ ಲಿಂಗೈಕ್ಯನಾದ. ಹೊಲದಲ್ಲಿ ನಿಮ್ಮವ್ವನ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದೆವು. ನೀನು ಬರುವ ಸ್ಥಿತಿಯಲ್ಲಿಲ್ಲ ಅಂತ ಡಾಕ್ಟರಮ್ಮನೇ ಹೇಳಿಕಳಿಸಿದರು.

ಹತ್ತು ದಿನದ ಹಿಂದೆ ನನ್ನ ಕೈ ಹಿಡಿದು ಕೇಳಿದ: "ಮಗೀಗೆ ಬಂದಿರಾದು ನಂದೇನಾ?" ಇನ್ನು ಸುಳ್ಳು ಹೇಳಬಾರದು ಅಂತ ಆಣೆ ಹಾಕಿಕೊಂಡಿದ್ದೆನಲ್ಲ, ಹೂಂ ಅಂದೆ. ಗೋಡೆ ಕಡೆ ತಿರುಗಿಕೊಂಡ. ಮಾರನೇ ದಿನದಿಂದ ಸೂಜಿಯೂ ಬೇಡ, ಊಟವೂ ಬೇಡ ಅಂದ. ಅದೊಂದು ಸುಳ್ಳು ಹೇಳಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಹೇಳಬೇಕಾದಲ್ಲಿ ನಿಜ ಹೇಳಲಿಲ್ಲ, ಹೇಳಬಾರದ ಕಡೆ ಹೇಳಿಬಿಟ್ಟೆ.

ನೀನಾದರೂ ಉಳಿ ಮಗಳೇ. ಬೇರೇನೂ ಬೇಡ ನನಗೆ.

ರುದ್ರಾಣಿ


ಮೈಸೂರು
೯ ಅಕ್ಟೋಬರ್ ೨೦೦೬

ಅತ್ತೆ,

ನಾಲ್ಕೂ ಕಾಗದ ಓದಿದ್ದೇನೆ. ಮೊದಲನೆಯದನ್ನು ಒಲೆಗೆ ಹಾಕಲು ಹೋದೆ, ಅಜ್ಜಿ ಕೈ ಹಿಡಿದರು.

ಬೆಂಗಳೂರಿನಿಂದ ಉತ್ತರ ಬಂತು. ಮುಖ್ಯವಾದ ಎರಡು ಔಷಧಿಗೂ ನನ್ನ ಕ್ರಿಮಿ ಬಗ್ಗುವುದಿಲ್ಲ. ಹದಿನೈದು ದಿನದಿಂದ ಮೈಸೂರಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದೇನೆ. ಬೇರೆ ಮಾತ್ರೆಗಳು, ದಿನಾ ಸೂಜಿ, ಎರಡು ವರ್ಷ. ಕಿವಿಯಲ್ಲಿ ಈಗಲೇ ಗುಂಯ್‌ಗುಡುತ್ತದೆ. ಇದಕ್ಕೂ ಬಗ್ಗದಿದ್ದರೆ ಆಮೇಲೆ ಏನೂ ಇಲ್ಲವಂತೆ. ಅದನ್ನೂ ನಾನೇ ಕೇಳಿ ಹೇಳಿಸಿಕೊಂಡೆ.

ಪಕ್ಕದ ಹಾಸಿಗೆಯ ಮೇಷ್ಟ್ರಮ್ಮ ದಿನಾ ಪೇಪರ್ ಓದಿ ಹೇಳುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಯಾವ ಔಷಧಿಗೂ ಬಗ್ಗದಂಥ ಟಿ.ಬಿ. ಕಾಣಿಸಿಕೊಂಡು ಒಂದೇ ಕಡೆ ಐವತ್ತಕ್ಕಿಂತ ಹೆಚ್ಚು ಜನ ಸತ್ತರಂತೆ. ಈಗ ಬೇರೆ ಬೇರೆ ದೇಶಗಳಲ್ಲೂ ಹುಡುಕುತ್ತಿದ್ದಾರಂತೆ. ಮೇಷ್ಟ್ರಮ್ಮ "ಎಲ್ಲಿಂದ ಬಂತೋ ಈ ಮಾರಿ" ಅಂದರು. ನನಗೆ ಗೊತ್ತು ಎಲ್ಲಿಂದ ಅಂತ. ಆ ಊರಲ್ಲೂ ಯಾರೋ ಒಬ್ಬಳು ಅತ್ತೆ, ಮನೆಯವರ ಮೇಲೆ ಜೀವಕ್ಕಿಂತ ಹೆಚ್ಚು ಪ್ರೀತಿ ಇದ್ದವಳು, ನೋಡದೆಯೇ ಒಂದು ಟಿಕ್ ಹಾಕಿರುತ್ತಾಳೆ.

ಅಪ್ಪನನ್ನು ಕೊನೆಯಲ್ಲಿ ನೋಡಲಾಗಲಿಲ್ಲ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿದೆ. ಮೇಜು ಬಡಿದು ನಿಮ್ಮ ಪರ ವಾದಿಸಿದೆನಲ್ಲ, ಅದಕ್ಕೆ ಇನ್ನೂ ಸಿಟ್ಟಿದೆ. ನಾನು ಕ್ಷಮಿಸಿದ್ದೇನೆ ಅಂತ ಈ ಕಾಗದದಿಂದ ತಿಳಿದುಕೊಳ್ಳಬೇಡಿ.

ಆದರೆ ಇದನ್ನು ಬೇರೆ ಯಾರಿಗೆ ಬರೆಯಲಿ? ಈ ಮಾತ್ರೆ ನುಂಗಿದರೆ ಕರುಳು ಕಿತ್ತು ಬಾಯಿಗೆ ಬರುತ್ತದೆ. ನರ್ಸಮ್ಮನಿಗೆ ನಲವತ್ತು ಹಾಸಿಗೆ, ನನ್ನ ಮಾತ್ರೆಗಳನ್ನು ಮುಚ್ಚಳದಲ್ಲಿ ಹಾಕಿಟ್ಟು ಮುಂದಕ್ಕೆ ಹೋಗುತ್ತಾರೆ. ಮೊನ್ನೆ ಮೂರು ಮಾತ್ರೆಯನ್ನು ದಿಂಬಿನ ಕೆಳಗೆ ತಳ್ಳಿದೆ. ನಿನ್ನೆ ನಾಲ್ಕು. ಸಂಜೆ ಬಂದು "ನುಂಗ್ದೇನವ್ವ?" ಅಂದರು. ಹೂಂ ಅಂದೆ. ಬರೆದುಕೊಂಡು ಹೋದರು. ಅಷ್ಟು ಸುಲಭ ಅತ್ತೆ. ಅಪ್ಪನಿಗೂ ಹೀಗೇ ಸುಲಭವಾಗಿರಬೇಕು.

ಅಂಗನವಾಡಿ ಕೆಲಸ ಹೋಯಿತಂತೆ, ಅಜ್ಜಿ ಹೇಳಿದರು. ಹಾಗಾದರೆ ನಿಮಗೆ ಅಲ್ಲೇನು ಕೆಲಸ? ಹೊರಟು ಬನ್ನಿ. ನನ್ನ ಹಾಸಿಗೆ ಕಿಟಕಿ ಪಕ್ಕ ಇದೆ, ನೀವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂರಬಹುದು. ನಾನು ಅತ್ತರೂ, ಬೈದರೂ, ನಿಮ್ಮ ಕಾಲು ಹಿಡಿದರೂ ಏಳಬೇಡಿ. ಬಾಯಿ ಬಿಡಿಸಿ ನೋಡಿ. ನಾನು ನುಂಗಿದೆ ಅಂದರೆ ನಂಬಬೇಡಿ.

ನಯನ